ಸತ್ಯ ಹೇಳಿದವನಿಗೆ ಹುಚ್ಚನ ಪಟ್ಟ

1944ರ ವಸಂತದಲ್ಲಿ ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ 24 ವರ್ಷದ ಕಾನೂನು ವಿದ್ಯಾರ್ಥಿಯೊಬ್ಬನನ್ನು ನಾಜಿ ಜರ್ಮನಿಯ ಪೊಲೀಸರು ಹಿಡಿದು ಸೆರೆಮನೆಗೆ ತಳ್ಳಿದರು. ತನ್ನ ದೇಶ ಯಾರ ಕೈಕೆಳಗೂ ಇರಬಾರದೆಂದು ಬಯಸುವವರ ಜೊತೆ ಸೇರಿದ್ದಾನೆ ಎಂಬುದು ಅವನ ಮೇಲಿದ್ದ ಗುಮಾನಿ. ಸೆಪ್ಟೆಂಬರಿನಲ್ಲಿ ಜರ್ಮನ್ನರು ಸೋತು ಊರು ಬಿಡುವ ಹೊತ್ತಿಗೆ ಆತ ಹೊರಬಂದ. ಆ ಜಾಗಕ್ಕೆ ಸೋವಿಯತ್ ಸೇನೆ ಬಂತು. 1946ರ ಜನವರಿಯಲ್ಲಿ ಸೋವಿಯತ್ ರಹಸ್ಯ ಪೊಲೀಸರು ಅದೇ ಯುವಕನನ್ನು ಮತ್ತೆ ಬಂಧಿಸಿದರು. ಈ ಸಲ ಅವನು ಎಂಟು ವರ್ಷ ಮನೆಯ ಮುಖ ನೋಡಲಿಲ್ಲ. ಒಬ್ಬರನ್ನೊಬ್ಬರು ಸರ್ವನಾಶ ಮಾಡಲು ಹೊರಟಿದ್ದ ಎರಡು ಪ್ರಭುತ್ವಗಳೂ ಆ ಒಬ್ಬನೇ ಮನುಷ್ಯನನ್ನು ಅಪಾಯಕಾರಿ ಎಂದು ಭಾವಿಸಿದವು.

ಆ ಯುವಕನ ಹೆಸರು ಯಾನ್ ಕ್ರೊಸ್. ಮುಂದೆ ಎಸ್ಟೋನಿಯನ್ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬರಾದರು. ಐವತ್ತನೇ ವಯಸ್ಸಿನಲ್ಲಿ ಗದ್ಯಕ್ಕೆ ತಿರುಗಿ, ಆ ಭಾಷೆಯಿಂದ ಹೊರಜಗತ್ತಿಗೆ ಅತಿ ಹೆಚ್ಚು ಪರಿಚಿತರಾದ ಕಾದಂಬರಿಕಾರರೂ ಆದರು. ಅವರ ಪುಸ್ತಕಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯನ್ನು: ತನಗಿಂತ ಬಹಳ ದೊಡ್ಡದಾದ ಅಧಿಕಾರದ ಎದುರು ನಿಂತ ಮನುಷ್ಯ ಎಷ್ಟರ ಮಟ್ಟಿಗೆ ಬಾಗಬಹುದು? ಎಲ್ಲಿಯವರೆಗೆ ಬಾಗಿದರೂ ಅವನು ಅವನಾಗಿಯೇ ಉಳಿಯುತ್ತಾನೆ, ಎಲ್ಲಿಂದಾಚೆಗೆ ಇಲ್ಲ? ಈ ಪ್ರಶ್ನೆಯನ್ನು ಇಷ್ಟು ತಾಳ್ಮೆಯಿಂದ, ಇಷ್ಟು ಕರುಣೆಯಿಂದ ಕೇಳಿದ ಇನ್ನೊಬ್ಬ ಲೇಖಕ ಇಪ್ಪತ್ತನೇ ಶತಮಾನದಲ್ಲಿ ನನಗೆ ಕಾಣುವುದಿಲ್ಲ.

ಕ್ರೊಸ್ ಅರ್ಥವಾಗಬೇಕಾದರೆ ಎಸ್ಟೋನಿಯಾದ ಕಥೆ ಸ್ವಲ್ಪ ಗೊತ್ತಿರಬೇಕು. ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿ, ಫಿನ್ಲೆಂಡಿನ ಕೆಳಗೆ, ರಷ್ಯಾಕ್ಕೆ ಅಂಟಿಕೊಂಡಿರುವ ದೇಶ ಅದು. ಇವತ್ತಿಗೂ ಅಲ್ಲಿನ ಜನಸಂಖ್ಯೆ ಸುಮಾರು 13 ಲಕ್ಷ. ಎಸ್ಟೋನಿಯನ್ ಮಾತಾಡುವವರು ಸುಮಾರು ಹತ್ತು ಲಕ್ಷ. ಹದಿಮೂರನೇ ಶತಮಾನದಲ್ಲಿ ಡೇನರೂ ಜರ್ಮನ್ ಧರ್ಮಯೋಧರೂ ಬಂದು ಈ ನೆಲವನ್ನು ಗೆದ್ದುಕೊಂಡರು. ಆಮೇಲೆ ಸ್ವೀಡನ್ ಆಳಿತು, ಪೋಲೆಂಡ್ ಒಂದು ಭಾಗ ಆಳಿತು, 1710ರಿಂದ ರಷ್ಯಾದ ಚಕ್ರವರ್ತಿಗಳು ಆಳಿದರು. ಮೇಲೆ ಕೂತ ದೊರೆ ಬದಲಾದರೂ ಊರಿನ ಒಡೆಯ ಬದಲಾಗಲಿಲ್ಲ. ಜಮೀನು, ಕೋಟೆ, ಚರ್ಚು, ನ್ಯಾಯಾಲಯ ಎಲ್ಲವೂ ಜರ್ಮನ್ ಮಾತಾಡುವ ಕುಲೀನರ ಕೈಯಲ್ಲೇ ಇದ್ದವು. ಎಸ್ಟೋನಿಯನ್ನರು ಅವರ ಹೊಲದಲ್ಲಿ ದುಡಿಯುವ ಜೀತದ ರೈತರು. ಜೀತಪದ್ಧತಿ ಕಾನೂನಿನಲ್ಲಿ ರದ್ದಾದದ್ದು ಉತ್ತರ ಭಾಗದಲ್ಲಿ 1816ರಲ್ಲಿ, ದಕ್ಷಿಣ ಭಾಗ ಸೇರಿದ್ದ ಲಿವೋನಿಯಾ ಪ್ರಾಂತ್ಯದಲ್ಲಿ 1819ರಲ್ಲಿ.

ಇಂಥ ಕಡೆ ಹುಟ್ಟಿದ ಬುದ್ಧಿವಂತ ರೈತನ ಮಗ ಮೇಲೇರಬೇಕೆಂದರೆ ದಾರಿ ಒಂದೇ. ಜರ್ಮನ್ ಕಲಿಯಬೇಕು, ಜರ್ಮನ್ನನಾಗಬೇಕು. ಇಲ್ಲವೇ ರಷ್ಯನ್ ಚಕ್ರವರ್ತಿಯ ಸೇವೆಗೆ ಸೇರಬೇಕು. ಓದಿದ ಎಸ್ಟೋನಿಯನ್ ಎಂಬವನು ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೂ ಇರಲಿಲ್ಲವೆಂದೇ ಹೇಳಬೇಕು. ಓದಿದೊಡನೆ ಅವನು ತನ್ನವರಿಂದ ಕಳಚಿಕೊಂಡು ಬೇರೆಯವನಾಗಿಬಿಡುತ್ತಿದ್ದ. ಹೀಗೆ ಏರಿಹೋದವರು ಏನು ಕಳೆದುಕೊಂಡರು, ಕೆಳಗುಳಿದ ಅಪ್ಪ ಅಮ್ಮಂದಿರಿಗೆ ಅವರ ಋಣವೇನು ಎಂಬ ಚಿಂತೆ ಕ್ರೊಸ್ ಅವರನ್ನು ಜೀವಮಾನವಿಡೀ ಕಾಡಿತು.

1918ರ ಫೆಬ್ರವರಿ 24ರಂದು ಎಸ್ಟೋನಿಯಾ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿಕೊಂಡಿತು. ರಷ್ಯಾದ ಜೊತೆ ಯುದ್ಧ ನಡೆಯಿತು. 1920ರ ಫೆಬ್ರವರಿ 2ರಂದು ತಾರ್ತು ನಗರದಲ್ಲಿ ಶಾಂತಿ ಒಪ್ಪಂದವಾಗಿ, ರಷ್ಯಾ ಈ ಪುಟ್ಟ ದೇಶದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಅದಾಗಿ ಹದಿನೇಳು ದಿನಕ್ಕೆ, ಫೆಬ್ರವರಿ 19ರಂದು, ತಾಲಿನ್‌ನಲ್ಲಿ ಕ್ರೊಸ್ ಹುಟ್ಟಿದರು. ತಂದೆ ಯಂತ್ರ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಹುಡುಗ ಓದಿದ್ದು ನಗರದ ಹೆಸರಾಂತ ವೆಸ್ಟ್‌ಹೋಲ್ಮ್ ಶಾಲೆಯಲ್ಲಿ. ಗಣರಾಜ್ಯದ ಜೊತೆಜೊತೆಗೇ ಬೆಳೆದ ಆ ಪೀಳಿಗೆ ತನ್ನ ಭಾಷೆಯಲ್ಲೇ ಶಾಲೆ ಕಲಿತು, ತನ್ನ ಭಾಷೆಯಲ್ಲೇ ವಿಶ್ವವಿದ್ಯಾಲಯಕ್ಕೂ ಹೋಯಿತು. 1938ರಲ್ಲಿ ಕ್ರೊಸ್ ತಾರ್ತು ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಸೇರಿದರು.

ಎರಡು ವರ್ಷ ಕಳೆಯುವುದರೊಳಗೆ ಆ ಲೋಕ ಮುಗಿಯಿತು. 1940ರ ಜೂನ್‌ನಲ್ಲಿ ಸೋವಿಯತ್ ಸೇನೆ ದೇಶವನ್ನು ಆಕ್ರಮಿಸಿತು. ಮರುವರ್ಷದ ಜೂನ್‌ನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಸುಮಾರು ಹತ್ತು ಸಾವಿರ ಜನರನ್ನು ರೈಲಿಗೆ ತುಂಬಿ ರಷ್ಯಾದ ಒಳನಾಡಿಗೆ ಗಡೀಪಾರು ಮಾಡಲಾಯಿತು. ಬೆನ್ನಲ್ಲೇ ಜರ್ಮನ್ನರು ಬಂದರು. 1944ರಲ್ಲಿ ಮತ್ತೆ ಸೋವಿಯತ್ತರು. ಅತ್ತ ದರಿ, ಇತ್ತ ಪುಲಿ. ಆ ವರ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಎಸ್ಟೋನಿಯನ್ನರು ದೋಣಿ ಹಡಗು ಹತ್ತಿ ಸ್ವೀಡನ್ನಿಗೋ ಜರ್ಮನಿಗೋ ಓಡಿಹೋದರು. ಅವರಲ್ಲಿ ಕವಿಗಳು, ಪ್ರಾಧ್ಯಾಪಕರು, ಪ್ರಕಾಶಕರು ಎಲ್ಲ ಇದ್ದರು. ಕ್ರೊಸ್ ಹೋಗಲಿಲ್ಲ. ತಾರ್ತುವಿನಲ್ಲಿ ಕಾನೂನು ಪಾಠ ಹೇಳುತ್ತ ಉಳಿದರು. ಅಲ್ಲಿಂದಲೇ ಅವರನ್ನು ಹಿಡಿದೊಯ್ದದ್ದು.

ಉತ್ತರ ರಷ್ಯಾದಲ್ಲಿ, ವೊರ್ಕುತಾ ಕಡೆಗೆ ಹೋಗುವ ದಾರಿಯಲ್ಲಿ ಇಂತಾ ಎಂಬ ಕಲ್ಲಿದ್ದಲ ಗಣಿಯ ಊರಿದೆ. ಅಲ್ಲಿನ ಕಾರ್ಮಿಕ ಶಿಬಿರಗಳಲ್ಲಿ ಸೆರೆ, ಆಮೇಲೆ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದಲ್ಲಿ ಗಡೀಪಾರು. ಸ್ಟಾಲಿನ್ ಸತ್ತ ಮರುವರ್ಷ, 1954ರಲ್ಲಿ, 34 ವರ್ಷದ ಕ್ರೊಸ್ ತಾಲಿನ್‌ಗೆ ಹಿಂತಿರುಗಿದರು. ಕಾನೂನಿನ ವೃತ್ತಿ ಇನ್ನು ಸಾಧ್ಯವಿರಲಿಲ್ಲ. ಆದರೆ ಆ ಓದು ಅವರ ಬರಹದಲ್ಲಿ ಕೊನೆಯವರೆಗೂ ಉಳಿಯಿತು. ಅವರ ಕಾದಂಬರಿಗಳಲ್ಲಿ ಯಾರ ಮೇಲೂ ದಿಢೀರನೆ ತೀರ್ಪು ಬೀಳುವುದಿಲ್ಲ. ಸಾಕ್ಷಿಗಳನ್ನು ಕರೆಯಲಾಗುತ್ತದೆ, ದಾಖಲೆಗಳನ್ನು ತೂಗಲಾಗುತ್ತದೆ, ಎದುರು ಪಕ್ಷದ ಮಾತನ್ನೂ ಕೇಳಲಾಗುತ್ತದೆ. ತನಗೆ ಸಿಗದ ನ್ಯಾಯಯುತ ವಿಚಾರಣೆಯನ್ನು ಈ ಲೇಖಕ ನೂರಾರು ವರ್ಷಗಳ ಹಿಂದೆ ಸತ್ತುಹೋದವರಿಗೆ ದೊರಕಿಸಿಕೊಟ್ಟರು ಎಂದೇ ನಾನು ಓದುತ್ತೇನೆ.

ಮೊದಲು ಬಂದದ್ದು ಕವಿತೆ. 1958ರಲ್ಲಿ ಪ್ರಕಟವಾದ ಮೊದಲ ಸಂಕಲನಕ್ಕೆ ಅವರು ಕೊಟ್ಟ ಹೆಸರು ‘ಸೊಎರಿಕಸ್ತಾಯ’. ಗಣಿಯಿಂದ ಬಂದ ಕಲ್ಲಿದ್ದಲಿನಿಂದ ಕಸ, ಕಲ್ಲು ಬೇರ್ಪಡಿಸಿ ಶುದ್ಧ ಮಾಡುವ ಕೆಲಸಗಾರ ಎಂದು ಅದರರ್ಥ. ಶಿಬಿರದ ಬಗ್ಗೆ ಬಾಯಿಬಿಡುವಂತಿರದ ಕಾಲದಲ್ಲಿ ಆ ಕವಿ ಎಲ್ಲಿಂದ ಬಂದವರು ಎಂದು ಗೊತ್ತಿದ್ದ ಓದುಗನಿಗೆ ಹೆಸರೇ ಸಾಕಿತ್ತು. ಸ್ಟಾಲಿನ್ ಕಾಲದ ಪದ್ಯವೆಂದರೆ ಟ್ರ್ಯಾಕ್ಟರು, ಪಕ್ಷ, ಪ್ರಾಸ. ಕ್ರೊಸ್ ಪ್ರಾಸವನ್ನು ಬಿಟ್ಟು ಮುಕ್ತಛಂದದಲ್ಲಿ, ಆಡುಮಾತಿಗೆ ಹತ್ತಿರವಾದ ಲಯದಲ್ಲಿ ಬರೆದರು. ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಮುಕ್ತಛಂದವೆಂದರೆ ಪಶ್ಚಿಮದ ರೋಗ, ಜನರಿಂದ ದೂರವಾದದ್ದು ಎಂದು ಅಧಿಕೃತ ವಿಮರ್ಶಕರು ಹರಿಹಾಯ್ದರು. ಪ್ರಾಸ ಹಾಕಬೇಕೋ ಬೇಡವೋ ಎಂಬುದೂ ಪ್ರಭುತ್ವದ ಚಿಂತೆಯಾಗಿದ್ದ ದೇಶದಲ್ಲಿ, ಪ್ರಾಸ ಬಿಡುವುದೂ ಒಂದು ನಿಲುವಾಗುತ್ತಿತ್ತು. ಕ್ರೊಸ್, ಐನ್ ಕಾಲೆಪ್, ಎಲ್ಲೆನ್ ನೀತ್ ಮೊದಲಾದವರು ಸೇರಿ ಎಸ್ಟೋನಿಯನ್ ಕಾವ್ಯಕ್ಕೆ ಮತ್ತೆ ಉಸಿರಾಡಲು ಕಲಿಸಿದರು. ಮುಂದಿನ ಪೀಳಿಗೆಯ ಕವಿಗಳು ಬಂದದ್ದು ಇವರು ತೆರೆದ ಬಾಗಿಲಿನಿಂದ.

ಎಲ್ಲೆನ್ ನೀತ್ ಆ ಭಾಷೆಯ ಮಕ್ಕಳೆಲ್ಲ ಬಲ್ಲ ಕವಿ, ಕಥೆಗಾರ್ತಿ. ಕ್ರೊಸ್ ಅವರನ್ನು 1958ರಲ್ಲಿ ಮದುವೆಯಾದರು. ತಾಲಿನ್‌ನ ಹಳೆ ಪಟ್ಟಣದಲ್ಲಿ, ಹಾರ್ಯು ಬೀದಿಯ ಲೇಖಕರ ಸಂಘದ ಕಟ್ಟಡದಲ್ಲಿ ಈ ದಂಪತಿ ದಶಕಗಳ ಕಾಲ ಬಾಳಿದರು. ಹೊಟ್ಟೆಪಾಡಿಗೂ ಪ್ರೀತಿಗೂ ಕ್ರೊಸ್ ಅನುವಾದ ಮಾಡಿದರು: ಶೇಕ್ಸ್‌ಪಿಯರ್, ಬಾಲ್ಜಾಕ್, ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಇಷ್ಟು ದೊಡ್ಡ ಲೇಖಕರನ್ನು ತನ್ನ ಭಾಷೆಗೆ ತಂದ ಕೈ ಮುಂದೆ ಹದಿನಾರನೇ ಶತಮಾನದ ಪಾದ್ರಿಯ ದನಿಯನ್ನೂ ಹತ್ತೊಂಬತ್ತನೇ ಶತಮಾನದ ರೈತನ ದನಿಯನ್ನೂ ಸೃಷ್ಟಿಸಲು ಪಳಗಿತು.

1970ರ ಸುಮಾರಿಗೆ ಅವರು ಚಾರಿತ್ರಿಕ ಕಥನಕ್ಕೆ ತಿರುಗಿದರು. ಮೊದಲ ನೀಳ್ಗತೆ ಮಿಖೆಲ್ ಸಿಟ್ಟೊ ಎಂಬ ಚಿತ್ರಕಾರನದು. ತಾಲಿನ್‌ನಲ್ಲಿ ಹುಟ್ಟಿದ ಈತ ಹದಿನೈದನೇ ಶತಮಾನದ ಕೊನೆಯಲ್ಲಿ ಸ್ಪೇನಿನ ರಾಣಿ ಇಸಬೆಲ್ಲಾಳ ಆಸ್ಥಾನದಲ್ಲಿ ಕೆಲಸ ಮಾಡಿದ ಕಲಾವಿದ. ಊರಿಗೆ ಮರಳಿದಾಗ ಸ್ಥಳೀಯ ಕಸುಬುದಾರರ ಗಿಲ್ಡ್ ಅವನಿಗೆ ಹೇಳುತ್ತದೆ: ನೀನು ಯಾವ ರಾಣಿಗೆ ಬರೆದಿದ್ದರೂ ನಮಗೆ ಲೆಕ್ಕವಿಲ್ಲ, ಇಲ್ಲಿ ಮಾಸ್ತರನೆನಿಸಿಕೊಳ್ಳಬೇಕಾದರೆ ಮೊದಲು ಆಳಾಗಿ ದುಡಿದು ಪರೀಕ್ಷೆ ಕೊಡು. ಲೇಖಕರ ಸಂಘದ ಅಪ್ಪಣೆಯಿಲ್ಲದೆ ಒಂದು ಸಾಲೂ ಅಚ್ಚಾಗದ ಕಾಲದಲ್ಲಿ ಇದು ಯಾರ ಕಥೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನೊಂದು ನೀಳ್ಗತೆ ಜನರಲ್ ಮಿಖೆಲ್ಸನ್‌ನದು. ರಷ್ಯಾದ ರಾಣಿ ಕ್ಯಾಥರೀನಳ ವಿರುದ್ಧ ಪುಗಚೋವ್ ಎಬ್ಬಿಸಿದ ರೈತದಂಗೆಯನ್ನು ಬಗ್ಗುಬಡಿದ ಸೇನಾನಿ ಈತ. ಕ್ರೊಸ್ ಅವರ ಕಥೆಯಲ್ಲಿ ಈತ ಎಸ್ಟೋನಿಯಾದ ಜೀತದಾಳುಗಳ ಮಗ. ಸಾಧನೆಗೆ ಮೆಚ್ಚಿ ಅಲ್ಲಿನ ಜರ್ಮನ್ ಕುಲೀನರ ಮಂಡಲಿ ಅವನ ಹೆಸರನ್ನು ತನ್ನ ವಂಶಾವಳಿಯ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತದೆ. ಆ ಸಮಾರಂಭಕ್ಕೆ ಜನರಲ್ ತನ್ನ ಮುದಿ ತಂದೆತಾಯಿಯನ್ನು ಕರೆತಂದು, ಒಡೆಯರ ನಡುವೆ ಕೂರಿಸುತ್ತಾನೆ. ಓದುವಾಗ ಎದೆ ಉಬ್ಬುತ್ತದೆ. ಆದರೆ ಆ ಗೌರವ ಅವನಿಗೆ ದಕ್ಕಿದ್ದು ತನ್ನ ತಂದೆಯಂಥ ರೈತರ ರಕ್ತ ಹರಿಸಿದ್ದಕ್ಕೆ. ಕ್ರೊಸ್ ಈ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಬಿಡುತ್ತಾರೆ, ಯಾವುದನ್ನೂ ಮರೆಮಾಚುವುದಿಲ್ಲ.

ಇದೇ ಪ್ರಶ್ನೆ ದೊಡ್ಡದಾಗಿ ಹರಡಿಕೊಂಡದ್ದು ‘ಮೂರು ಪ್ಲೇಗುಗಳ ನಡುವೆ’ ಎಂಬ ನಾಲ್ಕು ಸಂಪುಟಗಳ ಕಾದಂಬರಿಯಲ್ಲಿ. 1970ರಿಂದ 1980ರವರೆಗೆ ಇದು ಸಂಪುಟ ಸಂಪುಟವಾಗಿ ಬಂತು. ನಾಯಕ ಬಾಲ್ತಸಾರ್ ರುಸ್ಸೋವ್, ತಾಲಿನ್‌ನ ಪವಿತ್ರಾತ್ಮ ಚರ್ಚಿನ ಪಾದ್ರಿ. 1578ರಲ್ಲಿ ಜರ್ಮನಿಯ ರೊಸ್ಟಾಕ್ ಪಟ್ಟಣದಲ್ಲಿ ಅಚ್ಚಾದ ಲಿವೋನಿಯಾದ ವೃತ್ತಾಂತಗ್ರಂಥ ಈತನದು. ರಷ್ಯಾದ ದೊರೆ ಇವಾನ್ ದಿ ಟೆರಿಬಲ್‌ನ ಸೇನೆ ತಾಲಿನ್‌ಗೆ ಮುತ್ತಿಗೆ ಹಾಕಿದ್ದು, ಪ್ಲೇಗು, ಹಸಿವು, ಜರ್ಮನ್ ಒಡೆಯರ ಮದುವೆಮುಂಜಿಗಳ ದುಂದು, ರೈತರ ಬವಣೆ ಎಲ್ಲವನ್ನೂ ಕಣ್ಣಾರೆ ಕಂಡು ಬರೆದ ಪುಸ್ತಕ. ಈ ಪಾದ್ರಿ ಹುಟ್ಟಿನಿಂದ ಎಸ್ಟೋನಿಯನ್, ಗಾಡಿ ಹೊಡೆಯುವವನ ಮಗ ಎಂದು ಪಾಲ್ ಯೋಹಾನ್ಸೆನ್ ಎಂಬ ಇತಿಹಾಸಕಾರ ವಾದಿಸಿದ್ದರು. ಕ್ರೊಸ್ ಆ ಎಳೆ ಹಿಡಿದುಕೊಂಡರು.

ಕಾದಂಬರಿ ತೆರೆದುಕೊಳ್ಳುವುದು ಹಗ್ಗದ ಮೇಲಿನ ನಡಿಗೆಯಿಂದ. ಇಟಲಿಯಿಂದ ಬಂದ ದೊಂಬರಾಟದವರು ಚರ್ಚಿನ ಎತ್ತರದ ಗೋಪುರದಿಂದ ಹಗ್ಗ ಕಟ್ಟಿ ನಡೆಯುತ್ತಾರೆ. ಹುಡುಗ ಬಾಲ್ತಸಾರ್ ಕಣ್ಣರಳಿಸಿ ನೋಡುತ್ತಾನೆ. ಮುಂದಿನ ಸಾವಿರಾರು ಪುಟಗಳಲ್ಲಿ ಅವನು ಮಾಡುವುದೂ ಅದನ್ನೇ. ರಷ್ಯಾ, ಸ್ವೀಡನ್, ಪೋಲೆಂಡ್, ಡೆನ್ಮಾರ್ಕ್ ನಾಲ್ಕೂ ಕಡೆಯಿಂದ ಎಳೆಯುತ್ತಿರುವ ನೆಲದಲ್ಲಿ, ಜರ್ಮನ್ ನಗರದ ಗೌರವಾನ್ವಿತ ಪಾದ್ರಿಯಾಗಿ ಬೆಳೆಯುತ್ತ, ಹಳ್ಳಿಯ ತನ್ನ ಬಂಧುಗಳನ್ನು ಪೂರ್ತಿ ಬಿಡಲಾರದೆ ಸಮತೋಲ ಕಾಯ್ದುಕೊಳ್ಳುತ್ತಾನೆ. 1560ರಲ್ಲಿ ರೈತರು ದಂಗೆಯೆದ್ದಾಗ ಅವನು ಯಾವ ಕಡೆ ಎಂಬುದು ಎರಡನೇ ಭಾಗದ ಬೇಗುದಿ. ಕೊನೆಯಲ್ಲಿ ಅವನ ಪುಸ್ತಕ ಹೊರಬಂದಾಗ ಕುಲೀನರು ಅದನ್ನು ಸುಳ್ಳಿನ ಕಂತೆ ಎಂದು ಬೈಯುತ್ತಾರೆ. ಮೆರಿಕೆ ಲೆಪಸಾರ್ ಬೀಚರ್ ಇದನ್ನು ಇಂಗ್ಲಿಷಿಗೆ ಮೂರು ಸಂಪುಟಗಳಲ್ಲಿ ತಂದಿದ್ದಾರೆ. ಮೊದಲನೆಯದು ‘ದಿ ರೋಪ್‌ವಾಕರ್’, 2016ರಲ್ಲಿ ಬಂತು.

ಹಾಗಿದ್ದರೂ ಕ್ರೊಸ್ ಅವರ ಅತ್ಯುತ್ತಮ ಕೃತಿ ಯಾವುದೆಂದರೆ ನಾನು ಹಿಂದುಮುಂದು ನೋಡದೆ ‘ಕೈಸ್ರಿ ಹುಲ್’ ಎನ್ನುತ್ತೇನೆ. ‘ಚಕ್ರವರ್ತಿಯ ಹುಚ್ಚ’. 1978ರಲ್ಲಿ ಬಂದ ಕಾದಂಬರಿ.

ಕಥೆಯ ಬುಡದಲ್ಲಿರುವುದು ನಿಜ ಸಂಗತಿ. ತಿಮೊಥಿಯಸ್ ಫಾನ್ ಬಾಕ್ ಲಿವೋನಿಯಾದ ಜರ್ಮನ್ ಕುಲೀನ, ನೆಪೋಲಿಯನ್ನನ ವಿರುದ್ಧ ಹೋರಾಡಿದ ಸೇನಾಧಿಕಾರಿ, ವೊಯ್ಸಿಕು ಎಂಬ ಜಮೀನಿನ ಒಡೆಯ. 1817ರಲ್ಲಿ ಅವನು ಏವಾ ಎಂಬ ಎಸ್ಟೋನಿಯನ್ ಹಳ್ಳಿಯ ಹುಡುಗಿಯನ್ನು, ಜೀತದಿಂದ ಬಿಡಿಸಿ, ಓದು ಕಲಿಸಿ, ಚರ್ಚಿನಲ್ಲಿ ಎಲ್ಲರೆದುರು ಮದುವೆಯಾದ. ಅವನ ಅಂತಸ್ತಿನವರಿಗೆ ಇದೇ ಸಾಕಾದಷ್ಟು ಹುಚ್ಚಾಗಿತ್ತು. ಮರುವರ್ಷ ಅವನು ಚಕ್ರವರ್ತಿ ಒಂದನೇ ಅಲೆಕ್ಸಾಂಡರನಿಗೆ ಒಂದು ಮನವಿಪತ್ರ ಬರೆದ. ಆಳ್ವಿಕೆಯ ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಎತ್ತಿ ಹೇಳಿದ, ಸಂವಿಧಾನ ಬೇಕೆಂದ. ಕಾದಂಬರಿಯಲ್ಲಿ ಚಕ್ರವರ್ತಿ ತನ್ನ ಮೆಚ್ಚಿನ ಈ ಅಧಿಕಾರಿಯಿಂದ ಒಮ್ಮೆ ಮಾತು ತೆಗೆದುಕೊಂಡಿರುತ್ತಾನೆ: ನೀನು ನನಗೆ ಯಾವಾಗಲೂ ಸತ್ಯವನ್ನೇ ಹೇಳಬೇಕು. ತಿಮೊ ಕೊಟ್ಟ ಮಾತಿಗೆ ತಪ್ಪಲಿಲ್ಲ. ಫಲವಾಗಿ ವಿಚಾರಣೆಯಿಲ್ಲದೆ ಒಂಬತ್ತು ವರ್ಷ ಶ್ಲಿಸ್ಸೆಲ್‌ಬರ್ಗ್ ಕೋಟೆಯ ಸೆರೆ. 1827ರಲ್ಲಿ ಹೊಸ ಚಕ್ರವರ್ತಿ ನಿಕೊಲಾಸ್ ಅವನನ್ನು ಬಿಟ್ಟ, ಒಂದು ಷರತ್ತಿನ ಮೇಲೆ: ಇವನು ಹುಚ್ಚ, ತನ್ನ ಜಮೀನು ದಾಟಿ ಹೋಗುವಂತಿಲ್ಲ, ಮನೆಯವರೇ ಕಾವಲಿರಬೇಕು. 1836ರಲ್ಲಿ ಮನೆಯಲ್ಲೇ ಗುಂಡು ತಗುಲಿ ಸತ್ತ.

ಈ ಕಥೆಯನ್ನು ನೇರವಾಗಿ ಹೇಳಿದ್ದರೆ ಹುತಾತ್ಮನ ಚರಿತ್ರೆಯೊಂದು ಆಗುತ್ತಿತ್ತು, ಅಷ್ಟೇ. ಕ್ರೊಸ್ ಅದನ್ನು ಏವಾಳ ಅಣ್ಣ ಯಾಕೊಬ್‌ನ ಕೈಗೆ ಕೊಟ್ಟರು. ಇಡೀ ಕಾದಂಬರಿ ಯಾಕೊಬ್ ಗುಟ್ಟಾಗಿ ಬರೆದಿಡುವ ದಿನಚರಿ. ತಂಗಿಯ ಜೊತೆ ಅವನೂ ಜೀತದಿಂದ ಬಿಡುಗಡೆ ಪಡೆದು, ಜರ್ಮನ್ ಫ್ರೆಂಚ್ ಕಲಿತು ಭಾವನ ಬಂಗಲೆಗೆ ಬಂದವನು. ಈಗ ಅವನು ರೈತನೂ ಅಲ್ಲ, ಒಡೆಯನೂ ಅಲ್ಲ. ಊಟದ ಮೇಜಿನ ಬಳಿ ಕೂರುತ್ತಾನೆ, ಮಾತು ಮಾತ್ರ ಅಳೆದು ತೂಗಿ ಆಡುತ್ತಾನೆ. ಹೆದರಿಕೆಯ ಮನುಷ್ಯ, ಒಳ್ಳೆಯ ಮನುಷ್ಯ. ಭಾವನ ಧೈರ್ಯ ಅವನಿಗೆ ಕೆಲವೊಮ್ಮೆ ಪೂಜ್ಯವೆನಿಸುತ್ತದೆ, ಕೆಲವೊಮ್ಮೆ ಶ್ರೀಮಂತನ ಹಟವೆನಿಸುತ್ತದೆ. ಆ ಮನವಿಪತ್ರದ ಪ್ರತಿ ಅವನ ಕೈಗೆ ಸಿಕ್ಕಿದಾಗ ಓದುತ್ತಾನೆ, ನಡುಗುತ್ತಾನೆ, ಬಚ್ಚಿಡುತ್ತಾನೆ. ಇಂಥ ಮಾತನ್ನು ಬರೆದವನಿಗೆ ಬುದ್ಧಿ ಸರಿಯಿತ್ತೆ? ಬುದ್ಧಿ ಸರಿಯಿದ್ದವನು ಇದನ್ನು ಚಕ್ರವರ್ತಿಗೆ ಕಳಿಸುತ್ತಾನೆಯೆ? ಓದುಗರಾದ ನಾವೂ ಅವನ ಜೊತೆ ಪುಟಪುಟಕ್ಕೂ ತಿಮೊನ ಮುಖ ನೋಡುತ್ತ, ಆ ಮಾತಿನಲ್ಲಿ ಹುಚ್ಚಿನ ಗುರುತು ಹುಡುಕತೊಡಗುತ್ತೇವೆ. ಹಾಗೆ ಹುಡುಕುತ್ತಿದ್ದೇವೆಂದು ಅರಿವಾದಾಗ ನಾಚಿಕೆಯಾಗುತ್ತದೆ. ಪ್ರಭುತ್ವ ಹಚ್ಚಿದ ಚೀಟಿ ನೆಂಟರಿಷ್ಟರ ಕಣ್ಣಿನೊಳಗೂ ಹೇಗೆ ಇಳಿಯುತ್ತದೆ ಎಂಬುದನ್ನು ಕ್ರೊಸ್ ನಮ್ಮನ್ನೇ ಪ್ರಯೋಗಕ್ಕೆ ಒಡ್ಡಿ ತೋರಿಸುತ್ತಾರೆ.

ಮನೆಯೊಳಗೇ ಬೇಹುಗಾರಿಕೆ. ತಿಮೊ ಏನು ತಿಂದ, ಏನು ಅಂದ, ಯಾರಿಗೆ ಬರೆದ ಎಂದು ವರದಿ ಹೋಗುತ್ತಿರುತ್ತದೆ. ಏವಾ ಗಂಡನನ್ನು ಪರದೇಶಕ್ಕೆ ಸಾಗಿಸಲು ಗುಟ್ಟಾಗಿ ಏರ್ಪಾಡು ಮಾಡುತ್ತಾಳೆ. ಪ್ಯಾರ್ನು ಬಂದರಿನವರೆಗೂ ಹೋಗುತ್ತಾರೆ. ಹಡಗು ಸಿದ್ಧವಿದೆ. ಕೊನೇ ಗಳಿಗೆಯಲ್ಲಿ ತಿಮೊ ಹೋಗಲು ಒಲ್ಲೆನೆನ್ನುತ್ತಾನೆ. ತನ್ನ ಸ್ಥಾನ ಇಲ್ಲಿ, ಈ ಸಾಮ್ರಾಜ್ಯದ ಮೈಯೊಳಗೆ ಚುಚ್ಚಿಕೊಂಡಿರುವುದೇ ತನ್ನ ಕೆಲಸ ಎಂಬುದು ಅವನ ನಿಲುವು. 1944ರ ಶರತ್ಕಾಲದಲ್ಲಿ ದೋಣಿ ಹತ್ತಿದವರ, ಹತ್ತದೆ ಉಳಿದವರ ನೆನಪಿದ್ದ ಎಸ್ಟೋನಿಯನ್ ಓದುಗನಿಗೆ ಆ ಬಂದರಿನ ದೃಶ್ಯ ಏನೆನ್ನಿಸಿರಬೇಕು!

ಇಂಥ ಪುಸ್ತಕ ಬ್ರೆಜ್ನೆವ್ ಕಾಲದ ಸೆನ್ಸಾರಿನಿಂದ ಪಾರಾದದ್ದು ಹೇಗೆ? ಉತ್ತರ ಸರಳ. ಝಾರ್ ಚಕ್ರವರ್ತಿಗಳನ್ನೂ ಜರ್ಮನ್ ಜಮೀನುದಾರರನ್ನೂ ಬೈಯುವುದು ಸೋವಿಯತ್ ಇತಿಹಾಸಕ್ಕೆ ಸಮ್ಮತವೇ ಆಗಿತ್ತು. ಸೆನ್ಸಾರ್ ಅಧಿಕಾರಿಯ ಕಣ್ಣಿಗೆ ಇದು ಹಳೆಯ ದಬ್ಬಾಳಿಕೆಯ ಕಥೆ. ಆದರೆ 1978ರಲ್ಲಿ ಓದುವವರಿಗೆ ಬೇರೊಂದು ಗೊತ್ತಿತ್ತು. ಆಳ್ವಿಕೆಯನ್ನು ಟೀಕಿಸಿದವರಿಗೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟು ಮಾನಸಿಕ ಆಸ್ಪತ್ರೆಗೆ ಕೂಡಿಹಾಕುವುದು ಆಗ ಸೋವಿಯತ್ ಒಕ್ಕೂಟದಲ್ಲಿ ರೂಢಿಯಾಗಿತ್ತು. ಸೇನೆಯ ಜನರಲ್ ಆಗಿದ್ದ ಪ್ಯೋತ್ರ್ ಗ್ರಿಗೊರೆಂಕೊ ಅವರನ್ನೂ ಎರಡು ಸಲ ಹಾಗೆ ಕೂಡಿಹಾಕಿದ್ದರು. ನೂರೈವತ್ತು ವರ್ಷದ ಹಿಂದೆ ಮನವಿ ಬರೆದ ಕುಲೀನ ಅಧಿಕಾರಿಯನ್ನು ಹುಚ್ಚನೆಂದು ಸಾರಿದ ಕಥೆ ಆ ಓದುಗರ ಪಾಲಿಗೆ ಆ ದಿನದ ಸುದ್ದಿ. ಕಾದಂಬರಿ ಹಲವು ಭಾಷೆಗಳಿಗೆ ಹೋಯಿತು. ಫ್ರಾನ್ಸಿನಲ್ಲಿ ಅತ್ಯುತ್ತಮ ವಿದೇಶಿ ಪುಸ್ತಕಕ್ಕೆ ಕೊಡುವ ಪ್ರಶಸ್ತಿ ಅದಕ್ಕೆ ಸಂದಿತು. ಆನ್ಸೆಲ್ಮ್ ಹೊಲ್ಲೊ ಅವರ ಇಂಗ್ಲಿಷ್ ಅನುವಾದ ‘ದಿ ಝಾರ್ಸ್ ಮ್ಯಾಡ್‌ಮನ್’ 1990ರ ದಶಕದ ಮೊದಲಲ್ಲಿ ಬಂತು. ನೊಬೆಲ್ ಪ್ರಶಸ್ತಿಯ ಮಾತಿನಲ್ಲಿ ಕ್ರೊಸ್ ಹೆಸರು ಆ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಪ್ರಶಸ್ತಿ ಬರಲಿಲ್ಲ.

ಸತ್ಯ ಹೇಳಿ ಕೆಟ್ಟವನ ಕಥೆಯ ನಂತರ, 1984ರಲ್ಲಿ, ಹೊಂದಿಕೊಂಡು ಗೆದ್ದವನ ಕಥೆ ಬಂತು: ‘ಪ್ರೊಫೆಸರ್ ಮಾರ್ಟೆನ್ಸರ ನಿರ್ಗಮನ’. ಪ್ಯಾರ್ನುವಿನ ಅನಾಥ ಹುಡುಗನೊಬ್ಬ ರಷ್ಯಾ ಸರ್ಕಾರದ ಅತಿದೊಡ್ಡ ಅಂತರರಾಷ್ಟ್ರೀಯ ಕಾನೂನು ತಜ್ಞನಾದ. ಅವನೇ ಫ್ರೆಡ್ರಿಕ್ ಮಾರ್ಟೆನ್ಸ್. 1899ರ ಹೇಗ್ ಶಾಂತಿ ಸಮ್ಮೇಳನದ ಒಪ್ಪಂದದಲ್ಲಿ ಅವನ ಹೆಸರಿನ ಒಂದು ಷರತ್ತಿದೆ. ಬರೆದಿಟ್ಟ ನಿಯಮಗಳು ಮೌನವಾಗಿರುವ ಕಡೆಯಲ್ಲೂ ಯುದ್ಧಕ್ಕೆ ಸಿಕ್ಕವರಿಗೆ ಮಾನವೀಯತೆಯ, ಲೋಕದ ಸಾಕ್ಷಿಪ್ರಜ್ಞೆಯ ರಕ್ಷಣೆ ಇದೆ ಎಂದು ಅದು ಹೇಳುತ್ತದೆ. ಇಂದಿಗೂ ಯುದ್ಧಕಾನೂನಿನಲ್ಲಿ ಅದನ್ನು ಉಲ್ಲೇಖಿಸುತ್ತಾರೆ. ಇಂಥ ಮಾತನ್ನು ಜಗತ್ತಿಗೆ ಕೊಟ್ಟವನು ಊಳಿಗ ಮಾಡಿದ್ದು ತನ್ನ ಪ್ರಜೆಗಳನ್ನು ಚಾವಟಿಯಲ್ಲಿ ಆಳುತ್ತಿದ್ದ ಝಾರ್‌ಗೆ. 1909ರ ಜೂನ್‌ನಲ್ಲಿ ಮಾರ್ಟೆನ್ಸ್ ಪ್ಯಾರ್ನುವಿನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ರೈಲಿನಲ್ಲಿ ಹೊರಟ, ವಾಲ್ಗಾ ನಿಲ್ದಾಣದಲ್ಲಿ ಸತ್ತ. ಕಾದಂಬರಿ ಆ ರೈಲುಡಬ್ಬಿಯಲ್ಲಿ ನಡೆಯುತ್ತದೆ. ಜೀವಮಾನವಿಡೀ ಜಾಣ್ಮೆಯಿಂದ ಮಾತಾಡಿದ ಮುದುಕ, ಕೊನೆಗೊಮ್ಮೆ ಹೆಂಡತಿಯ ಎದುರು ಏನನ್ನೂ ಮುಚ್ಚಿಡದೆ ಮಾತಾಡಬೇಕೆಂದು ಮನಸ್ಸಿನಲ್ಲೇ ತಾಲೀಮು ನಡೆಸುತ್ತಾನೆ. ತಿಮೊನನ್ನು ಮೆಚ್ಚುವುದು ಸುಲಭ. ಮಾರ್ಟೆನ್ಸ್ ನಮಗೆ ಹೆಚ್ಚು ಹತ್ತಿರದವನು, ಆದ್ದರಿಂದ ಹೆಚ್ಚು ಕಷ್ಟ ಕೊಡುತ್ತಾನೆ.

1987ರ ‘ಎದುರುಗಾಳಿಯ ಹಡಗು’ ಬರ್ನ್‌ಹಾರ್ಡ್ ಶ್ಮಿಟ್‌ನ ಕಥೆ. ತಾಲಿನ್ ಎದುರಿನ ನೈಸಾರ್ ದ್ವೀಪದಲ್ಲಿ 1879ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಸಿಡಿಮದ್ದಿನ ಪ್ರಯೋಗದಲ್ಲಿ ಬಲಗೈ ಕಳೆದುಕೊಂಡು, ಒಂದೇ ಕೈಯಲ್ಲಿ ಗಾಜು ಉಜ್ಜುತ್ತ ಜಗತ್ತಿನ ಶ್ರೇಷ್ಠ ದೂರದರ್ಶಕ ಕನ್ನಡಿಗಳನ್ನು, ಮಸೂರಗಳನ್ನು ತಯಾರಿಸಿದವನು. 1930ರಲ್ಲಿ ಹ್ಯಾಂಬರ್ಗ್ ಬಳಿ ಅವನು ರೂಪಿಸಿದ ವಿಶಾಲನೋಟದ ದೂರದರ್ಶಕಕ್ಕೆ ಅವನದೇ ಹೆಸರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲೂ ಒಂದು ಶ್ಮಿಟ್ ದೂರದರ್ಶಕವಿದೆ. 1988ರಲ್ಲಿ ಕಂಡುಹಿಡಿದ, ಗಣಿತಜ್ಞ ರಾಮಾನುಜನ್ ಹೆಸರಿಟ್ಟ ಕ್ಷುದ್ರಗ್ರಹ ಸಿಕ್ಕಿದ್ದು ಅದರಲ್ಲೇ.

ಕ್ರೊಸ್ ಮೇಲೆ ಒಂದು ಆಕ್ಷೇಪವಿದೆ. ಸಿಟ್ಟೊ, ರುಸ್ಸೋವ್, ಮಿಖೆಲ್ಸನ್ ಇವರೆಲ್ಲ ನಿಜಕ್ಕೂ ಎಸ್ಟೋನಿಯನ್ನರೇ? ಸಿಕ್ಕಿದ ಸಣ್ಣ ಸುಳಿವಿನ ಮೇಲೆ ಊರಿನ ದೊಡ್ಡವರನ್ನೆಲ್ಲ ತನ್ನ ಜನಕ್ಕೆ ಸೇರಿಸಿಕೊಂಡದ್ದು ಇತಿಹಾಸಕ್ಕೆ ಮಾಡಿದ ಅಪಚಾರವಲ್ಲವೆ? ಈ ಆಕ್ಷೇಪ ತಳ್ಳಿಹಾಕುವಂಥದಲ್ಲ. ಕೆಲವರ ಹುಟ್ಟಿನ ಬಗ್ಗೆ ಸಾಕ್ಷ್ಯ ತೆಳ್ಳಗಿದೆ. ಆದರೆ ಕ್ರೊಸ್ ಇವರನ್ನೆಲ್ಲ ವೀರಪುರುಷರ ಸಾಲಿನಲ್ಲಿ ನಿಲ್ಲಿಸಿ ಹಾರ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಯೊಬ್ಬನ ತಪ್ಪು, ಅಳುಕು, ಮಾರಿಕೊಂಡ ಗಳಿಗೆಗಳನ್ನೂ ಬರೆದರು. ನಿಮಗೆ ಚರಿತ್ರೆಯೇ ಇಲ್ಲ, ನೀವು ಬರೀ ನೇಗಿಲು ಹಿಡಿದವರು ಎಂದು ಏಳುನೂರು ವರ್ಷ ಹೇಳಿಸಿಕೊಂಡ ಜನಕ್ಕೆ ಅವರು ಕೊಟ್ಟದ್ದು ದೋಷಗಳ ಸಮೇತವಾದ ಗತಕಾಲ. ಹೊಗಳಿಕೆಯ ಚರಿತ್ರೆಗಿಂತ ಅದು ಹೆಚ್ಚು ಬಾಳಿಕೆಯದು.

1980ರ ದಶಕದ ಕೊನೆಯಲ್ಲಿ ಬಿಗಿ ಸಡಿಲವಾಯಿತು. ಮುಖವಾಡ ಇನ್ನು ಬೇಕಿರಲಿಲ್ಲ, ಕ್ರೊಸ್ ತಮ್ಮದೇ ಕಾಲವನ್ನು ಬರೆಯತೊಡಗಿದರು. ‘ವಿಕ್‌ಮನ್ ಹುಡುಗರು’ (1988) ತಮ್ಮ ಶಾಲೆಯ ಸಹಪಾಠಿಗಳ ಕಥೆ. ಯಾರು ಯಾವ ಸೇನೆಗೆ ಸಿಕ್ಕ, ಯಾರು ಕಾಣೆಯಾದ, ಯಾರು ಕಡಲು ದಾಟಿದ ಎಂಬ ಅಳಲು ಅದರ ತಮಾಷೆಯ ಅಡಿಯಲ್ಲೇ ಇದೆ. ‘ಅಗೆತಗಳು’ (1990) ಶಿಬಿರದಿಂದ ಮರಳಿದವನ ತಾಲಿನ್. 1998ರ ‘ಟ್ರೆಡಿಂಗ್ ಏರ್’ ಎಂದು ಇಂಗ್ಲಿಷಿಗೆ ಹೋದ ಕಾದಂಬರಿಯಲ್ಲಿ ಉಲ್ಲೊ ಪೈರಾಂದ್ ಎಂಬ ಪ್ರತಿಭಾವಂತನಿದ್ದಾನೆ. ತಂದೆ ಕೈಬಿಟ್ಟ ಮೇಲೆ ತಾಯಿಯ ಜೊತೆ ಬಟ್ಟೆ ಒಗೆದು ಬೆಳೆದು, ಪ್ರಧಾನಿಯ ಕಚೇರಿಯವರೆಗೆ ಏರಿದವನು. ವ್ಯಾಟಿಕನ್‌ಗೆ ಓದಲು ಹೋಗುವ ಅವಕಾಶ ಬಂದರೂ ದೇಶ ಬಿಡುವುದಿಲ್ಲ. ಇವನ ಮೂಲಕ ಕ್ರೊಸ್, ಅರಳಬೇಕಾದ ವಯಸ್ಸಿನಲ್ಲಿ ಮುದುಡಿಹೋದ ತಮ್ಮ ಇಡೀ ಪೀಳಿಗೆಯ ಲೆಕ್ಕ ಬರೆದರು. ಆದರೂ ಈ ಆತ್ಮಕಥನದ ಕಾದಂಬರಿಗಳು ಹಿಂದಿನ ಚಾರಿತ್ರಿಕ ಕಾದಂಬರಿಗಳಷ್ಟು ಬಿಗಿಯಾಗಿಲ್ಲ ಎಂದು ನನಗನ್ನಿಸುತ್ತದೆ. ನೇರವಾಗಿ ಹೇಳಲಾಗದ್ದನ್ನು ಹೇಳುವ ಒತ್ತಡದಲ್ಲೇ ಅವರ ಗದ್ಯ ಹರಿತಗೊಂಡಿತ್ತು.

1991ರ ಆಗಸ್ಟ್ 20ರಂದು ಎಸ್ಟೋನಿಯಾ ತನ್ನ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿತು. ಮರುವರ್ಷ ಆಯ್ಕೆಯಾದ ಸಂಸತ್ತಿನಲ್ಲಿ 72 ವರ್ಷದ ಕ್ರೊಸ್ ಸದಸ್ಯರಾಗಿ ಕೂತರು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಬರಹದ ಮೇಜಿಗೆ ಹಿಂತಿರುಗಿದರು. ಎರಡು ಭಾಗಗಳ ಆತ್ಮಕಥೆ ಬರೆದರು. ಎರಡನೇ ಭಾಗ ಪ್ರಕಟವಾಗುವ ಮೊದಲೇ, 2007ರ ಡಿಸೆಂಬರ್ 27ರಂದು, ತಾಲಿನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 87 ವರ್ಷ.

ಓದಬೇಕೆನಿಸಿದವರು ‘ದಿ ಝಾರ್ಸ್ ಮ್ಯಾಡ್‌ಮನ್’ನಿಂದ ಶುರುಮಾಡಿ. ಅದು ಹಿಡಿಸಿದರೆ ಮಾರ್ಟೆನ್ಸ್ ಕಡೆಗೆ ಹೋಗಿ, ಪುರುಸೊತ್ತಿದ್ದಾಗ ರುಸ್ಸೋವ್‌ನ ಮೂರು ಸಂಪುಟಗಳನ್ನು ಕೈಗೆತ್ತಿಕೊಳ್ಳಿ. ಮೊದಲ ಐವತ್ತು ಪುಟ ಹೆಸರುಗಳು, ಊರುಗಳು ತೊಡರುತ್ತವೆ, ಬೇಸರಿಸಿ ಕೆಳಗಿಡಬೇಡಿ. ಅನುವಾದಕ್ಕೆ ಪುಸ್ತಕ ಹುಡುಕುತ್ತಿರುವ ನಮ್ಮ ಅನುವಾದಕರಲ್ಲೂ ಪ್ರಕಾಶಕರಲ್ಲೂ ನನ್ನದೊಂದು ಕೋರಿಕೆ: ಯಾಕೊಬ್‌ನ ದಿನಚರಿಯನ್ನು ಕನ್ನಡಕ್ಕೆ ತನ್ನಿ.